ಪರದೆಯ ಮೇಲಿನ ಜಿಡ್ಡು

"ಛೀ! ಇದನ್ನ ಯಾರು ಮುಟ್ತಾರೆ?"

ತಂತ್ರಜ್ಞ ಕೊಟ್ಟ ಫೋನನ್ನು ಅವಳು ಎರಡೇ ಬೆರಳಲ್ಲಿ, ಸತ್ತ ಹಲ್ಲಿಯನ್ನು ಎತ್ತಿದಂತೆ ಹಿಡಿದಿದ್ದಳು. ಪರದೆಯ ತುಂಬ ಜಿಡ್ಡು. ಬೆರಳಚ್ಚಿನ ಮೇಲೆ ಬೆರಳಚ್ಚು, ಅಂಚಿನಲ್ಲಿ ಯಾರದೋ ಕೆನ್ನೆಯ ಬೆವರು ಅಂಟಿದಂಥ ಮಬ್ಬು...

"ವಿಡಿಯೋ ಓಡ್ತಿದೆ. ನೋಡಿ ಅಂಕ ಕೊಡಿ," ಅಂದ ಅವನು. ಅಷ್ಟೇ.

ವಿಡಿಯೋಗಳ ಗುಣಮಟ್ಟ ಪರೀಕ್ಷಿಸುವ ಆ ಕಚೇರಿಯಲ್ಲಿ ಅದು ಅವಳ ಮೊದಲ ದಿನ. ಸೋಫಾದ ಮೇಲೆ ಕೂತು ಟಿವಿಯಲ್ಲಿ ವಿಡಿಯೋ ನೋಡಬೇಕು. ನಡುವೆ ಅದೇ ದೃಶ್ಯ ಫೋನಿಗೆ ಬರುತ್ತದೆ, ಆಮೇಲೆ ಟ್ಯಾಬ್‌ಗೆ. ಪ್ರತಿ ಸಲವೂ ಚಿತ್ರ ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡಿತೆಂದು ಐದಕ್ಕೆ ಅಂಕ ಕೊಡಬೇಕು.

ಮನೆಯಲ್ಲಿ ಅಮ್ಮ ಅವಳನ್ನು 'ಮೊಸರಲ್ಲಿ ಕಲ್ಲು ಹುಡುಕೋಳು' ಎಂದೇ ಹಂಗಿಸುವುದು. ಆ ಗುಣಕ್ಕೆ ಬೆಲೆ ಸಿಕ್ಕಿದ್ದು ಇಲ್ಲಿ ಮಾತ್ರ. ಈ ಕೆಲಸ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

ಆದರೆ ಇವನು!

ದಿನ ಬಿಟ್ಟು ದಿನ ಅದೇ ಜಿಡ್ಡಿನ ಫೋನು. 'ಇಷ್ಟು ಚೆಂದದ ಕಣ್ಣು, ಇಂಥ ಕೊಳಕು ಕೈ!' ಅದಕ್ಕಿಂತ ಹೇಸಿಗೆಯೆಂದರೆ, ಅವನು ಬರುವುದು ತಡವಾದರೆ ತಾನು ಬಾಗಿಲನ್ನೇ ನೋಡುತ್ತ ಕೂರುತ್ತಿದ್ದುದು...

ಒಂದು ದಿನ ಎಲ್ಲರೆದುರೇ ಸಿಡಿದಳು.

"ಸ್ವಾಮಿ, ನಿಮ್ಮನೇಲಿ ನೀರು ಬರಲ್ವಾ?"

ಅವಳಂತೆಯೇ ಅಂಕ ಕೊಡಲು ಬಂದಿದ್ದ ಉಳಿದ ವೀಕ್ಷಕರು ಗೊಳ್ಳೆಂದು ನಕ್ಕರು. ಅವನ ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ... ಹೇಳದೆ ಹೊರಟುಹೋದ.

ಮಧ್ಯಾಹ್ನ ಅವಳಿಗೆ ತುತ್ತು ಇಳಿಯಲಿಲ್ಲ. ಕ್ಷಮೆ ಕೇಳೋಣವೆಂದು ಪಕ್ಕದಲ್ಲಿದ್ದ ಅವನ ಕೋಣೆಯ ಬಾಗಿಲು ತಳ್ಳಿದಳು.

ಅವನು ಫೋನೊಂದನ್ನು ಕನ್ನಡಿಯಂತೆ ಹೊಳೆಯುವವರೆಗೆ ಒರೆಸುತ್ತಿದ್ದ. ಆಮೇಲೆ ಬೆರಳಿಗೆ ಮುಲಾಮು ಮೆತ್ತಿಕೊಂಡು, ಮುಖ ಕಿವುಚಿ, ಪರದೆಯ ಮೇಲೆ ಒಂದೊಂದೇ ಗುರುತು ಒತ್ತತೊಡಗಿದ. ಅವನ ಮುಖದಲ್ಲಿ ಅವಳಿಗಿಂತ ಹೆಚ್ಚು ಹೇಸಿಗೆ!

"ಅಯ್ಯೋ... ಬೇಕಂತಲೇ?"

ಅವನು ಬೆಚ್ಚಿಬಿದ್ದ. "ಜನರ ಕೈಲಿರೋ ಫೋನು ಹೀಗೇ ಇರತ್ತಲ್ಲ. ಜಿಡ್ಡಿದ್ರೆ ಚಿತ್ರ ಎಷ್ಟು ಕೆಟ್ಟದಾಗಿ ಕಾಣತ್ತೆ ಅನ್ನೋದೂ ಪರೀಕ್ಷೇನೇ. ನೋಡೋರಿಗೆ ಅದು ಗೊತ್ತಾಗ್ಬಾರ್ದು."

"ಅಷ್ಟು ಅಂದ್ರೂ ಬಾಯಿ ಬಿಡ್ಲಿಲ್ವಲ್ರೀ!"

"ಬಿಟ್ಟಿದ್ರೆ ನಿಮ್ಮ ಅಂಕ ಕೆಲಸಕ್ಕೆ ಬರ್ತಿರ್ಲಿಲ್ಲ. ನಿಮ್ಮನ್ನ ತೆಗೀಬೇಕಾಗ್ತಿತ್ತು..." ಅವನು ತಲೆ ತಗ್ಗಿಸಿದ. "ನೀವು ದಿನಾ ಬರೋದು ಬೇಕಿತ್ತು ನಂಗೆ. ಕೊಳಕ ಅಂದ್ಕೊಂಡಾದ್ರೂ..."

ಅವಳಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯವಾಯಿತು.

"ನೀವು ಒಳಗೆ ಬಂದೇ ಇಲ್ಲ ಅಂದ್ಕೊಳ್ಳೋಣ," ಅವನು ಮೆಲ್ಲಗೆ ಅಂದ.

ಅವಳು ಕೊರಳಿನ ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟಳು.

"ಬೇಡ. ಗೊತ್ತಿದ್ದೂ ಗೊತ್ತಿಲ್ಲ ಅಂತ ಅಂಕ ಕೊಡೋದು ಇನ್ನೂ ಹೇಸಿಗೆ. ಪರೀಕ್ಷೆ ನಡೆಸೋ ಮೇಡಂಗೆ ನಾನೇ ಹೇಳ್ತೀನಿ."

"ಹಾಗಾದ್ರೆ ನಾಳೆಯಿಂದ..."

"ನಿಮ್ಮನ್ನ ನೋಡೋಕೆ ಕೆಲಸವೇ ಬೇಕಾ?" ಅವಳು ಬಾಗಿಲತ್ತ ತಿರುಗಿದಳು. "ಮುಗಿಸ್ಕೊಂಡು ಬನ್ನಿ. ಗೇಟ್ ಹತ್ರ ಇರ್ತೀನಿ."

"ತಡ ಆಗ್ಬಹುದು..."

"ಆಗ್ಲಿ. ಬೈಕೊಳ್ತಾ ಕಾಯ್ತೀನಿ!"