ಹದಿಮೂರು ಅಡಿಯ ದೋಣಿ

"ಒಬ್ಬರಿಗಾ, ಇಬ್ಬರಿಗಾ?"

ತಲೆಕೆಳಗಾಗಿ ಪೇರಿಸಿಟ್ಟಿದ್ದ ದೋಣಿಗಳ ಹಿಂದಿನಿಂದ ಆ ಪ್ರಶ್ನೆ ಬಂದಾಗ ಅವಳು ಇಟ್ಟ ಹೆಜ್ಜೆ ಹಿಂದಕ್ಕೆಳೆದುಕೊಂಡಳು. ಮುಖ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಮೂರು ವರ್ಷ ಅದೇ ದನಿಯನ್ನು ಅವಳು ತನ್ನ ಬೆನ್ನ ಹಿಂದಿನಿಂದ ಕೇಳಿದ್ದಳು. 'ಎಡಕ್ಕೆ... ಇನ್ನೂ ಸ್ವಲ್ಪ ಎಡಕ್ಕೆ... ಸಾಕು.'

ಬಡಗಿ! ಮರಗೆಲಸದ ಅವನನ್ನು ಅವಳು ಕರೆಯುತ್ತಿದ್ದುದೇ ಹಾಗೆ. ಇಲ್ಲಿ?

ಅವನು ಕೈಯ ಅಂಟು ಒರೆಸಿಕೊಳ್ಳುತ್ತಾ ಈಚೆ ಬಂದ. ಅವಳನ್ನು ನೋಡಿದ. ಬಟ್ಟೆಯ ಮೇಲೆ ಓಡುತ್ತಿದ್ದ ಕೈ ನಿಂತಿತು, ಮತ್ತೆ ಓಡಿತು.

"ಹೇಳಿ," ಅಂದ. "ಒಬ್ಬರಿಗಾ, ಇಬ್ಬರಿಗಾ?"

ಹೇಳಿ! ಒಂದು ಕಾಲದಲ್ಲಿ 'ಏನೇ' ಎಂದು ಕರೆಯುತ್ತಿದ್ದವನ ಬಾಯಲ್ಲಿ ಈ ಬಹುವಚನ. ಅವಳಿಗೆ ಚುರುಕ್ಕೆಂದಿತು. 'ನನಗೆ ಇದೇ ಆಗಬೇಕು,' ಎಂದುಕೊಂಡಳು.

"ಒಬ್ಬಳಿಗೇ."

ಅವಳು ಹಲ್ಲಿನ ಡಾಕ್ಟರು. ದಿನವಿಡೀ ಊರಿನವರಿಗೆಲ್ಲ 'ಬಾಯಿ ತೆಗೀರಿ' ಅನ್ನುವವಳು, ತನ್ನ ಬಾಯಿಯನ್ನು ಮಾತ್ರ ಎರಡು ವರ್ಷದಿಂದ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಯಾಕೆಂದು ಹೇಳಿಬಿಡುತ್ತೇನೆ. ಅವಳಾಗಿ ಹೇಳುವ ತನಕ ಕಾದರೆ ಕತೆ ಮುಂದೆ ಹೋಗುವುದಿಲ್ಲ.

ರಭಸದ ನೀರಿನಲ್ಲಿ ಇಬ್ಬರು ಕನೂ ದೋಣಿ ನಡೆಸುವಾಗ ಮುಂದೆ ಕೂತವರ ಕೈಯಲ್ಲಿರುವ ಹುಟ್ಟು ಸದಾ ನೀರಿನೊಳಗಿರಬೇಕು. ಎಷ್ಟೇ ಹೆದರಿಕೆಯಾಗಲಿ, ಹುಟ್ಟು ಬಿಟ್ಟು ದೋಣಿಯ ಅಂಚು ಹಿಡಿಯಕೂಡದು. ಹಿಡಿದರೆ ದೋಣಿ ಮಗುಚಿಕೊಳ್ಳುತ್ತದೆ. ಮೊದಲ ದಿನ ಕಲಿಸುವ ಪಾಠ ಇದು. ಎರಡು ವರ್ಷದ ಹಿಂದೆ ಒಂದು ದಿನ ದೊಡ್ಡ ಬಂಡೆ ಎದುರಾದಾಗ ಅವಳು ಎರಡೂ ಕೈಯಲ್ಲಿ ಅಂಚು ಹಿಡಿದುಬಿಟ್ಟಿದ್ದಳು. ದೋಣಿ ಮಗುಚಿತು. ಅವನ ಬಲಭುಜ ಬಂಡೆಗೂ ದೋಣಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಯಿತು.

ಆಸ್ಪತ್ರೆಯಲ್ಲಿ ಅವನು ಎಲ್ಲರಿಗೂ ಒಂದೇ ಮಾತು ಹೇಳಿದ. "ತಪ್ಪು ನಂದೇ. ದಾರಿ ತಪ್ಪಾಗಿ ಆರಿಸಿದೆ."

ಅವಳು ಮಂಚದ ಪಕ್ಕದಲ್ಲೇ ನಿಂತಿದ್ದಳು. ಒಂದೇ ಒಂದು ಮಾತು ಸಾಕಿತ್ತು. ಆಡಲಿಲ್ಲ. ನಾಳೆ ಹೇಳೋಣ ಅಂದುಕೊಂಡಳು. ನಾಳೆಗಳು ಏಳಾದವು. ಆಮೇಲೆ ಅವನಿಗೆ ಮುಖ ತೋರಿಸಲಾರದೆ ಫೋನ್ ಎತ್ತುವುದನ್ನೇ ಬಿಟ್ಟಳು, ಬೇರೆ ಊರಿನ ಆಸ್ಪತ್ರೆಗೆ ಸೇರಿಕೊಂಡಳು. ಹೇಡಿ ಎಂದು ಬೈಯಬೇಡಿ, ಅದನ್ನು ಅವಳೇ ದಿನಕ್ಕೆರಡು ಸಲ ಮಾಡುತ್ತಿದ್ದಾಳೆ.

ನದಿಯ ಆಸೆ ಮಾತ್ರ ಬಿಡಲಿಲ್ಲ. ಒಬ್ಬಳೇ ಹೋಗುವ ದೋಣಿಯಾದರೆ ಹಿಂದೆ ಕೂತವರಿಗೆ ಏಟಾಗುವ ಭಯವಿಲ್ಲವಲ್ಲ ಎಂದೇ ಅಂಗಡಿ ಹುಡುಕಿಕೊಂಡು ಇಲ್ಲಿಗೆ ಬಂದಿದ್ದಳು.

"ಒಬ್ಬರೇ ಅಂದ್ರೆ ಇದು," ಅವನು ಕೆಂಪು ದೋಣಿಯೊಂದನ್ನು ಎಡಗೈಯಿಂದ ತಟ್ಟಿದ. "ಹತ್ತಡಿ. ತಳ ಎರಡು ತುದಿಗೂ ಮೇಲಕ್ಕೆ ಬಾಗಿದೆ, ಹೇಳಿದ ಕಡೆ ತಿರುಗುತ್ತೆ. ನೀವೊಬ್ಬರೇ ಎತ್ತಿ ಕಾರಿನ ಮೇಲೆ ಹಾಕ್ಕೋಬಹುದು."

ಎಡಗೈ... ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅವಳು ನೋಡಿದಳು, ನೋಡಿದ್ದು ಗೊತ್ತಾಗದಂತೆ ಕಣ್ಣು ಕೆಳಗಿಳಿಸಿದಳು.

"ಅದನ್ನೊಂದೇ ಯಾಕೋ ತೋರಿಸ್ತೀಯ? ಆ ಹದಿಮೂರಡಿದೂ ತೋರಿಸು," ಎನ್ನುತ್ತಾ ಅಂಗಡಿಯ ಒಡತಿ ಬಂದಳು. ಅವನ ಅಕ್ಕ. ಮೊದಲಿಂದಲೂ ಈ ದೂರದ ಊರಲ್ಲೇ ಇದ್ದ ಅಕ್ಕ ಈ ಗಿರಾಕಿಯನ್ನು ಹಿಂದೆಂದೂ ನೋಡಿರಲಿಲ್ಲ. "ನೋಡಮ್ಮಾ, ಅದರಲ್ಲಿ ನಡುವಿನ ಪೀಠದಲ್ಲಿ ಮಂಡಿಯೂರಿದ್ರೆ ಒಬ್ಬರ ದೋಣಿ. ಹಿಂದೆ ಮುಂದೆ ಕೂತ್ರೆ ಇಬ್ಬರದು. ಒಬ್ಬರಿಗೆ ಸ್ವಲ್ಪ ಉದ್ದ, ಇಬ್ಬರಿಗೆ ಸ್ವಲ್ಪ ಇಕ್ಕಟ್ಟು, ಆದ್ರೆ ಎರಡಕ್ಕೂ ಆಗುತ್ತೆ. ನಾಳೆ ಜೊತೆಗೊಬ್ಬ ಬಂದ್ರೆ ಇನ್ನೊಂದು ದೋಣಿ ಕೊಳ್ತೀಯಾ?"

"ಅಕ್ಕ, ಅವರು ಒಬ್ಬರಿಗೇ ಅಂದ್ರು."

"ನೀನು ಸುಮ್ಮನಿರು." ಅಕ್ಕ ಅವಳ ಕಡೆ ತಿರುಗಿ ನಕ್ಕಳು. "ಇವನ ಮಾತು ಕೇಳ್ಕೊಂಡು ದೋಣಿ ತಗೋಬೇಡಮ್ಮಾ. ಕಣ್ಣೆದುರಿಗಿದ್ದ ಬಂಡೆ ಕಾಣದೆ ಭುಜ ಮುರ್ಕೊಂಡ ಮಹಾನುಭಾವ ಇವನು. ಒಳ್ಳೇ ಮರಗೆಲಸ ಇತ್ತು, ಅದೂ ಹೋಯ್ತು. ಜೊತೆಗಿದ್ದ ಹುಡುಗಿನೂ ಬಿಟ್ಟು ಹೋದ್ಳಂತೆ. ಹೋಗದೆ ಇನ್ನೇನು ಮಾಡ್ತಾಳೆ? ಮುಳುಗಿಸೋಕೆ ಹೊರಟವನ ಜೊತೆ ಯಾರಿರ್ತಾರೆ?"

ಅವನು ನಕ್ಕ. ಆ ಬೈಗುಳ ಕೇಳಿ ಕೇಳಿ ಅಭ್ಯಾಸವಾದವನ ನಗು.

ಅವಳು ಒಳಗೊಳಗೇ ತನ್ನನ್ನು ಗದರಿಸಿಕೊಂಡಳು. 'ಈಗ ಹೇಳು... ಈಗಲಾದರೂ ಹೇಳೇ...' ನಾಲಿಗೆ ಏಳಲಿಲ್ಲ.

ನೀರಿಗಿಳಿಸಿ ನೋಡದೆ ಯಾರಿಗೂ ದೋಣಿ ಮಾರಬಾರದು ಎನ್ನುವುದು ಆ ಅಂಗಡಿಯ ನಿಯಮ. ಅಂಗಡಿಯ ಹಿಂದೆಯೇ ನದಿ ಹರಿಯುತ್ತಿತ್ತು. ಅಲ್ಲಿ ನಿಂತ ನೀರಿನ ಮಡುವೊಂದಿತ್ತು, ಅದರ ತುದಿಯಲ್ಲಿ ನೀರು ಜಾರಿ ಓಡುವ ಚಿಕ್ಕ ಇಳಿಜಾರು. ಕೆಂಪು ದೋಣಿಯಲ್ಲಿ ಅವಳು ಒಬ್ಬಳೇ ಒಂದು ಸುತ್ತು ಹೊಡೆದು ಬಂದಳು. ಚೆನ್ನಾಗಿಯೇ ತಿರುಗಿತು.

"ಈಗ ಉದ್ದದ್ದು," ದಡದಿಂದ ಅಕ್ಕ ಕೂಗಿದಳು. "ಇವನೂ ಕೂರಲಿ. ಇಬ್ಬರ ದೋಣಿನ ಒಬ್ಬಳೇ ಹೇಗೆ ನೋಡ್ತೀಯ?"

ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಅವಳು ಮುಂದೆ ಮಂಡಿಯೂರಿದಳು, ಅವನು ಹಿಂದೆ. ಎರಡು ವರ್ಷವಾದರೂ ಹುಟ್ಟುಗಳು ಒಂದೇ ತಾಳಕ್ಕೆ ಬಿದ್ದವು. ಅದೇ ಅವಳಿಗೆ ಅಳು ತರಿಸಿತು.

"ಎಡಕ್ಕೆ," ಅವನು ಮೆಲ್ಲಗೆ ಅಂದ.

ಇಳಿಜಾರಿನ ನಡುವೆ ಮೊಣಕಾಲೆತ್ತರದ ಒಂದು ಕಲ್ಲು. ಮಕ್ಕಳೂ ದಾಟುವ ಕಲ್ಲು! ಆದರೆ ದೋಣಿ ಓಡುತ್ತಾ ಅದರ ಹತ್ತಿರ ಬಂದಾಗ ಅವಳಿಗೆ ಕಂಡಿದ್ದು ಇನ್ನೊಂದು ಬಂಡೆ. ಹುಟ್ಟು ಕೈಜಾರಿ ದೋಣಿಯೊಳಗೆ ಬಿತ್ತು. ಎರಡೂ ಕೈ ಅಂಚನ್ನು ಕಚ್ಚಿ ಹಿಡಿದವು.

ದೋಣಿ ವಾಲಿತು. ಹಿಂದಿನಿಂದ ನೋವು ನುಂಗಿದ ಉಸಿರು ಕೇಳಿಸಿತು. ಅವನು ಇಡೀ ಮೈ ಹಾಕಿ ಹುಟ್ಟು ಒತ್ತಿ, ದೋಣಿಯನ್ನು ಪಕ್ಕದ ಶಾಂತ ನೀರಿಗೆ ತಿರುಗಿಸಿ ನಿಲ್ಲಿಸಿದ.

ಅವಳು ತಿರುಗಲಿಲ್ಲ. ತಿರುಗಿದರೆ ಹೇಳಲಾಗದು ಎಂದು ಅವಳಿಗೆ ಗೊತ್ತಿತ್ತು.

"ಅವತ್ತೂ ಹೀಗೇ ಮಾಡಿದೆ," ಅಂದಳು. "ನೀನು ದಾರಿ ತಪ್ಪಿರಲಿಲ್ಲ. ನಾನು ಅಂಚು ಹಿಡಿದೆ. ನಿನ್ನ ಭುಜ ಹೋಗಿದ್ದು ನನ್ನಿಂದ. ನೀನು ಎಲ್ಲರ ಹತ್ತಿರ ಬೈಸ್ಕೊಳ್ತಿದ್ದಾಗ ಪಕ್ಕದಲ್ಲೇ ಕಲ್ಲಿನ ಹಾಗೆ ನಿಂತಿದ್ದೆ. ನಿನಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅಂತ ಓಡಿಹೋದೆ ಕಣೋ."

ಹಿಂದೆ ಅವನು ಹುಟ್ಟನ್ನು ದೋಣಿಯ ಮೇಲೆ ಅಡ್ಡವಿಟ್ಟ ಸದ್ದು ಕೇಳಿತು.

"ನನಗೆ ಗೊತ್ತಿತ್ತು."

"ಏನು?"

"ಹಿಂದೆ ಕೂತವನಿಗೆ ಮುಂದೆ ಕೂತವಳೇ ಅಲ್ವೇನೇ ಕಾಣೋದು? ನಿನ್ನ ಕೈ ಎಲ್ಲಿತ್ತು ಅಂತ ನೋಡಿದ್ದೆ."

'ಏನೇ' ವಾಪಸ್ ಬಂದಿತ್ತು. ಆದರೆ ಅವಳಿಗೆ ಅದನ್ನು ಸವಿಯುವ ಸ್ಥಿತಿಯಿರಲಿಲ್ಲ.

"ಮತ್ತೆ... ಯಾಕೆ ಸುಳ್ಳು ಹೇಳಿದೆ?"

"ನೀನು ಗಡಗಡ ನಡುಗ್ತಿದ್ದೆ. ಆ ಗಾಬರಿಯಲ್ಲಿ ಏನು ಮಾಡಿದೆ ಅಂತ ನಿನಗೇ ನೆನಪಿಲ್ಲ ಅನ್ಕೊಂಡೆ. ಗೊತ್ತಾಗೋದೇ ಬೇಡ, ನನ್ನ ಮೇಲಿರಲಿ ಅಂತ ಹೇಳ್ಬಿಟ್ಟೆ." ಹುಟ್ಟಿನ ತುದಿಯಿಂದ ನೀರು ಒರೆಸಿದ. "ಆಮೇಲೆ ನೀನು ಫೋನ್ ಎತ್ತಲಿಲ್ಲ. ನನ್ನ ಸುಳ್ಳನ್ನೇ ನಂಬಿ, ಮುಳುಗಿಸೋನ ಜೊತೆ ಬೇಡ ಅಂತ ಹೋದೆ ಅನ್ಕೊಂಡಿದ್ದೆ. ನಿಜ ಹೇಳಿ ನಿನ್ನ ವಾಪಸ್ ಕರೆಯೋಕೆ ಮನಸ್ಸು ಬರಲಿಲ್ಲ."

ಅವಳು ಈಗ ತಿರುಗಿದಳು. ಕಣ್ಣೀರು ಹೆಲ್ಮೆಟ್ಟಿನ ಪಟ್ಟಿಯವರೆಗೂ ಇಳಿದಿತ್ತು. "ಬಡಗಿ, ನನ್ನನ್ನ ಒಂದು ಸಲ ಬೈದುಬಿಡಬಾರದಿತ್ತಾ?"

"ಬೈದಿದ್ರೆ ನೀನು ಅವತ್ತೇ ಅತ್ತು ಹಗುರಾಗ್ತಿದ್ದೆ. ಅದು ನಂಗೆ ಹೊಳೀಲಿಲ್ಲ. ಅದು ನನ್ನ ತಪ್ಪು."

ದಡಕ್ಕೆ ಬಂದವಳು ನೇರ ಅಕ್ಕನ ಮುಂದೆ ನಿಂತಳು. ಈ ಸಲ ಮಾತು ನುಂಗಲಿಲ್ಲ.

"ಅಕ್ಕಾ, ಬಿಟ್ಟು ಹೋದ ಹುಡುಗಿ ನಾನೇ. ಇವನ ತಪ್ಪಿರಲಿಲ್ಲ. ಅಂಚು ಹಿಡಿದು ದೋಣಿ ಮಗುಚಿಸಿದ್ದು ನಾನು."

ಅಕ್ಕ ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ. ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು.

"ಎರಡು ವರ್ಷ ಇವನಿಗೆ ಸುಮ್ಮಸುಮ್ಮನೆ ಬೈದೆನಲ್ಲೇ," ಅಂದಳು. "ನಿನ್ನ ಪಾಲಿಂದು ಬಾಕಿ ಇದೆ. ಪ್ರತಿ ಭಾನುವಾರ ಬಂದು ಬೈಸ್ಕೊಂಡು ಹೋಗು."

"ಬರ್ತೀನಿ ಅಕ್ಕ."

"ಸರಿ. ದೋಣಿ ಯಾವುದು?"

ಅವಳು ಹದಿಮೂರಡಿಯದರ ಮೇಲೆ ಕೈಯಿಟ್ಟಳು. ಇಟ್ಟ ಮೇಲೆ ಧೈರ್ಯ ಸಾಲದೆ ಅವನ ಕಡೆ ನೋಡಿದಳು.

"ನಾನು ಇವತ್ತೂ ಅಂಚು ಹಿಡಿದೆ ಕಣೋ. ನಾಳೆನೂ ಹಿಡಿದ್ರೆ?"

ಅವನು ದೋಣಿಯನ್ನು ಮತ್ತೆ ನೀರಿಗೆ ನೂಕಿದ. ಯಾವಾಗಲೂ ಹಿಂದೆ ಕೂರುತ್ತಿದ್ದವನು ಈ ಸಲ ಮುಂದೆ ಹೋಗಿ ಮಂಡಿಯೂರಿದ, ಅವಳಿಗೆ ಬೆನ್ನು ಹಾಕಿ. ಬಲಭುಜ ಎಡಕ್ಕಿಂತ ಒಂದಿಷ್ಟು ಕೆಳಗಿತ್ತು. ಎರಡು ವರ್ಷ ಅವಳು ನೋಡಲು ಹೆದರಿದ್ದ ಭುಜ ಈಗ ಕಣ್ಣೆದುರಿಗೇ ಇತ್ತು.

"ಬಾ," ಅಂದ. "ದಾರಿ ನೀನು ಹೇಳು."

"ನಿನಗೆ ಹೆದರಿಕೆ ಇಲ್ವಾ? ನಾನು ಏನು ಮಾಡ್ತೀನಿ ಅಂತ ನಿನಗೆ ಕಾಣೋದೂ ಇಲ್ಲ."

"ಇದೆ. ಆದ್ರೂ ತಿರುಗಿ ನೋಡಲ್ಲ."

ಅವಳು ಹಿಂದೆ ಕೂತಳು. ಹುಟ್ಟನ್ನು ಗಟ್ಟಿಯಾಗಿ ಹಿಡಿದು ನೀರಿಗಿಳಿಸಿದಳು. ಚಿಕ್ಕ ಕಲ್ಲು ಹತ್ತಿರವಾಗುತ್ತಿತ್ತು.

"ಎಡಕ್ಕೆ," ಅಂದಳು. ಕೈ ಹುಟ್ಟನ್ನು ಬಿಡಲಿಲ್ಲ. "ಇನ್ನೂ ಸ್ವಲ್ಪ ಎಡಕ್ಕೆ..."

ಕಲ್ಲು ಪಕ್ಕದಲ್ಲಿ ಸರಿದು ಹಿಂದಾಯಿತು.

"ಸಾಕಾ?" ಅವನು ತಿರುಗದೆಯೇ ಕೇಳಿದ.

"ಸಾಕು ಕಣೋ."