ಘಾಟಿನ ಮರೆಯ ಕೆಮ್ಮು

ಹಾವೇರಿ ಸೀಮೆಯ ಆ ಮೆಣಸಿನಕಾಯಿ ಪೇಟೆಯಲ್ಲಿ ಕೆಮ್ಮದವರೇ ಇರಲಿಲ್ಲ. ಆಳೆತ್ತರದ ಕೆಂಪು ರಾಶಿಗಳ ನಡುವೆ ಹಮಾಲರು ಕೆಮ್ಮುತ್ತ ಚೀಲ ಹೊರುತ್ತಿದ್ದರು, ದಲಾಲರು ಕೆಮ್ಮುತ್ತಲೇ ದರ ಕೂಗುತ್ತಿದ್ದರು. ಮಾಡಿನ ತಗಡಿಗೆ ನೇತುಹಾಕಿದ್ದ 'ಕೆಮ್ಮುಗಿವಿ' ಎಂಬ ಡಬ್ಬಿ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿತ್ತು. ಘಾಟಿನ ಕೆಮ್ಮು ಗಂಟಲಲ್ಲಿ ಹುಟ್ಟುತ್ತದೆ. ಸೋಂಕಿನ ಕೆಮ್ಮು ಶ್ವಾಸಕೋಶದ ತೇವವನ್ನು ಹೊತ್ತು ಬರುತ್ತದೆ. ನಮ್ಮ ಕಿವಿಗೆ ದಕ್ಕದ ಆ ವ್ಯತ್ಯಾಸ ಡಬ್ಬಿಗೆ ದಕ್ಕುತ್ತಿತ್ತು. ಅದನ್ನು ಕಂಡುಹಿಡಿದ ಡಾ. ಮಂದಾಕಿನಿ ಹಾವನೂರ ಬೇಕೆಂದೇ ಈ ಕಷ್ಟದ ಜಾಗವನ್ನು ಆರಿಸಿಕೊಂಡು, ಇಡೀ ಸುಗ್ಗಿ ಅದಕ್ಕೆ ಘಾಟಿನ ಕೆಮ್ಮನ್ನೇ ಕಲಿಸಿದ್ದರು.

ಒಂದು ಬೆಳಿಗ್ಗೆ, ಸೋಂಕಿನ ಕೆಮ್ಮು ಕೇಳಿದರೆ ಮಾತ್ರ ಹತ್ತುವ ಡಬ್ಬಿಯ ಕೆಂಪು ದೀಪ ಹತ್ತಿತು.

ನಲವತ್ತು ವರ್ಷಗಳ ಹಿಂದೆ ಲೋಕವನ್ನೇ ಮನೆಯೊಳಗೆ ಕೂರಿಸಿದ್ದ ಮಹಾಮಾರಿ ಮತ್ತೆ ಅಲ್ಲಲ್ಲಿ ತಲೆಯೆತ್ತಿತ್ತು. ಈ ಸಲದ ಯೋಜನೆ ಬರೆದವರೂ ಮಂದಾಕಿನಿಯೇ: ಮೊದಲು ರೋಗಿಯನ್ನು ಹುಡುಕಬೇಕು; ಮಧ್ಯಾಹ್ನದೊಳಗೆ ಸಿಗದಿದ್ದರೆ ಮಾತ್ರ ಪೇಟೆ ಮುಚ್ಚಬೇಕು.

ವರ್ತಕರ ಸಂಘದ ಅಧ್ಯಕ್ಷ ಮಲ್ಲೇಶಪ್ಪ ಏದುಸಿರು ಬಿಡುತ್ತ ಬಂದರು. "ಇದು ಘಾಟರೀ ಮೇಡಂ. ಇಲ್ಲಿ ಕೆಮ್ಮದವ್ರು ಯಾರದಾರ? ಸುಳ್ಳ ಪ್ಯಾಟಿ ಬಂದ್ ಮಾಡಿದ್ರ ನಾಳಿಂದ ನಿಮ್ಮ ಡಬ್ಬೀನ ಯಾರೂ ನಂಬಂಗಿಲ್ಲ."

"ಘಾಟಲ್ದಿದ್ರ? ಸಂಜಿಗೆ ಇಲ್ಲಿಂದ ಎಷ್ಟ ಊರಿಗೆ ಲಾರಿ ಹೊಂಡ್ತಾವು, ನೀವ ಹೇಳ್ರಿ."

ಮಲ್ಲೇಶಪ್ಪ ಹೊರಗೆ ಸಾಲುಗಟ್ಟಿದ್ದ ಲಾರಿಗಳತ್ತ ನೋಡಿದರು. ಮಂದಾಕಿನಿ ಕೆಮ್ಮುಗಿವಿಯ ಜೊತೆಗಿದ್ದ ಚಿಕ್ಕ ಡಬ್ಬಿಯನ್ನು ಕೈಗೆತ್ತಿಕೊಂಡರು. ಯಂತ್ರ ತಪ್ಪಿದ್ದರೆ ಮಾನ ಹೋಗುತ್ತಿತ್ತು, ಸರಿಯಿದ್ದರೆ ಊರೇ ಹೋಗುತ್ತಿತ್ತು.

ಆ ಚಿಕ್ಕ ಡಬ್ಬಿ ಸದ್ದಿನ ದಿಕ್ಕು ತೋರಿಸುತ್ತ ಅವರನ್ನು ಕೊನೆಯ ಸಾಲಿಗೆ ಕರೆದೊಯ್ದಿತು. ಚೀಲಗಳ ಹಿಂದೆ ಒಬ್ಬನೇ ಕುಳಿತಿದ್ದವನು ಹಮಾಲನಲ್ಲ, ರೈತನೂ ಅಲ್ಲ. ಬಸ್ ಕಂಡಕ್ಟರ್ ಫಕ್ಕೀರಪ್ಪ. ಮೈ ಕಾದ ಹಂಚಿನಂತಿತ್ತು.

"ಇಲ್ಲ್ಯಾಕ ಬಂದು ಕುಂತೀರಿ, ಅಣ್ಣಾರ?"

"ಮನ್ಯಾಗ ಕೆಮ್ಮಿದ್ರ ಓಣಿ ಮಂದಿ ಕಿಡಕಿ ಹಾಕ್ಕೋತಾರ್ರೀ. ಸಣ್ಣಾವಿದ್ದಾಗ ಆ ಮಾರಿ ಬಂದು, ಹೊರಗ ಬರಬಾರ್ದಂತ ನಮ್ಮನಿ ಬಾಗಲಕ್ಕ ತಗಡ ಬಡದಿದ್ರು. ಅವ್ವ ಸತ್ತಾಗ ಹೊರಾಕೂ ಯಾರೂ ಬರ್ಲಿಲ್ಲ." ಅವನು ಮುಖ ತಿರುಗಿಸಿ ಕೆಮ್ಮಿದ. "ಇಲ್ಲಿ ಎಷ್ಟ ಕೆಮ್ಮಿದ್ರೂ ಯಾರೂ ತಿರುಗಿ ನೋಡಂಗಿಲ್ಲ. ಅದಕ್ಕ ಬಂದೆ."

"ಜ್ವರ ಬಂದಮ್ಯಾಲೆ ಬಸ್ಸಿಗೆ ಹೋಗಿದ್ರೇನು?"

"ಇಲ್ಲರೀ, ರಜಾ ಹಾಕೀನಿ."

ಮಂದಾಕಿನಿಗೆ ಹೋದ ಜೀವ ಬಂದಂತಾಯಿತು. ಪರೀಕ್ಷೆ ಅದೇ ರೋಗವೆಂದಿತು. ಆದರೆ ಇನ್ನೂ ಮೊಳಕೆಯಲ್ಲಿತ್ತು, ಮದ್ದಿಗೆ ಬಗ್ಗುವ ಹಂತ. ಅವನ ಮನೆಯವರಿಗೂ ಹತ್ತಿರ ಸುಳಿದವರಿಗೂ ಗುಳಿಗೆ ಕೊಟ್ಟರು. ಪೇಟೆಯ ಬಾಗಿಲು ಮುಚ್ಚಲೇ ಇಲ್ಲ. ದೀಪ ಮತ್ತೆ ಹತ್ತದೆ ವಾರ ಕಳೆದಾಗ ಊರು ನಿಟ್ಟುಸಿರು ಬಿಟ್ಟಿತು. ಮಲ್ಲೇಶಪ್ಪನವರಂತೂ ಡಬ್ಬಿಗೆ ಮಾರುದ್ದದ ಹಾರವನ್ನೇ ಹಾಕಿಸಿದರು. ಅದರ ಕಿವಿ ಮುಚ್ಚಿಹೋಯಿತೆಂದು ಮಂದಾಕಿನಿ ನಗುತ್ತ ತೆಗೆಸಬೇಕಾಯಿತು.

ಆಸ್ಪತ್ರೆಯಲ್ಲಿ ಫಕ್ಕೀರಪ್ಪ ಚೇತರಿಸಿಕೊಳ್ಳುತ್ತಿದ್ದ. ಮಾಸ್ಕ್ ತೊಟ್ಟ ಮಂದಾಕಿನಿ ಒಳಗೆ ಬಂದಾಗ ಅವನಿಗೆ ಕೆಮ್ಮು ಒತ್ತರಿಸಿತು. ಅವನು ಗಡಬಡಿಸಿ ದಿಂಬನ್ನು ಬಾಯಿಗೆ ಒತ್ತಿಕೊಂಡ.

"ಕೆಮ್ಮರಿ, ಅಣ್ಣಾರ. ಕೇಳಾಕಂತನ ಬಂದೀನಿ," ಎಂದು ಮಂದಾಕಿನಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

ಘಾಟನ್ನೂ ರೋಗವನ್ನೂ ಬೇರ್ಪಡಿಸುವ ಡಬ್ಬಿ ಕಟ್ಟಲು ಅವರ ಅರ್ಧ ಆಯುಷ್ಯ ಬೇಕಾಗಿತ್ತು. ಆದರೆ ಪಕ್ಕದ ಮನೆಯಲ್ಲಿ ಕೆಮ್ಮು ಕೇಳಿಸಿದಾಗ ಬಾಗಿಲಾಚೆ ನಿಂತಾದರೂ "ಹೆಂಗದೀರಿ?" ಎಂದು ವಿಚಾರಿಸಲು ಯಾವ ಯಂತ್ರವೂ ಬೇಕಿರಲಿಲ್ಲ. ಅದನ್ನು ತಗಡು ಬಡಿದ ದಿನವೇ ಮಾಡಬಹುದಾಗಿತ್ತು.