ಒಂದು ಕಿಲೋಮೀಟರ್ ತಂತಿ

"ಈ ತಂತಿಯನ್ನು ಹಾರಿಸಬೇಡಿ."

ಸೂರತ್‌ನ ಹ್ಯಾಮ್ ರೇಡಿಯೋ ಹವ್ಯಾಸಿಗಳ ಕ್ಲಬ್‌ನ ಹಾಲ್‌ನಲ್ಲಿ ಕೊನೆಯ ಸಾಲಿನಿಂದ ಯಾರೋ ಹಿಂದಿಯಲ್ಲಿ ಹೇಳಿದರು. ಬೋರ್ಡಿನ ಮುಂದೆ ನಿಂತಿದ್ದ ಕಾಮಾಕ್ಷಿ ತಿರುಗಿ ನೋಡಿದಳು. ಮಲ್ಲಿಕಾರ್ಜುನ! ವಡೋದರಾದ ಕಾರ್ಖಾನೆಯಲ್ಲಿ ಆ ತಂತಿಯನ್ನು ತನ್ನ ಕೈಯಾರೆ ಮಾಡಿ ಸುತ್ತಿಕೊಟ್ಟವನೇ ಅವನು.

ಅವಳ ಯೋಜನೆಗೆ ಎರಡು ವರ್ಷ ಹಿಡಿದಿತ್ತು. ತೀರಾ ಕಡಿಮೆ ಫ್ರೀಕ್ವೆನ್ಸಿಯ ರೇಡಿಯೋ ಅಲೆ ಹಿಡಿಯಲು ಬಲು ಉದ್ದದ ಆಂಟೆನಾ ಬೇಕು. ಹವ್ಯಾಸಿಗಳ ಪುಟ್ಟ ಉಪಗ್ರಹದಲ್ಲಿ ಅಷ್ಟು ಜಾಗವೆಲ್ಲಿ? ಅದಕ್ಕೇ ಒಂದು ಕಿಲೋಮೀಟರ್ ತಂತಿಯನ್ನು ಉಂಡೆ ಸುತ್ತಿ ಕಳಿಸಿ, ಮೇಲೆ ಹೋದ ಮೇಲೆ ಬಿಚ್ಚಿ ಇಳಿಬಿಡುವುದು. ಉಪಗ್ರಹದಲ್ಲಿ ಉಳಿದಿದ್ದ ಒಂದೇ ಜಾಗ ಯಾರಿಗೆಂದು ಇವತ್ತು ನಿರ್ಧಾರವಾಗಬೇಕಿತ್ತು.

"ಯಾಕೆ ಬೇಟಾ?" ಅಧ್ಯಕ್ಷ ದಸ್ತೂರ್ ಅಂಕಲ್ ಕೇಳಿದರು.

ಮಲ್ಲಿಕಾರ್ಜುನ ತಲೆ ತಗ್ಗಿಸಿಯೇ ಹೇಳಿದ. ತಂತಿಯ ಹೊದಿಕೆಯಲ್ಲಿ ಸೂಜಿಮೊನೆಯಂಥ ತೂತುಗಳಿವೆ. ಮೇಲೆ ಭೂಮಿಯ ಕಾಂತಕ್ಷೇತ್ರವನ್ನು ಸೀಳಿಕೊಂಡು ಓಡುವಾಗ ತಂತಿಯಲ್ಲಿ ಇನ್ನೂರು ವೋಲ್ಟ್ ಹುಟ್ಟುತ್ತದೆ, ತೂತಿನಲ್ಲಿ ಕಿಡಿ ಹಾರಿದರೆ ತಂತಿ ಕಡಿದೇ ಹೋಗುತ್ತದೆ. "ತಪ್ಪು ಡಿಸೈನ್‌ನದಲ್ಲ, ನನ್ನದು."

ಅರ್ಧ ಗಂಟೆಯಲ್ಲಿ ಆ ಜಾಗ ಯಾವುದೋ ಕಾಲೇಜಿನ ಕ್ಯಾಮೆರಾಗೆ ಹೋಯಿತು. ಕಾಮಾಕ್ಷಿಯ ಕೈಯಲ್ಲಿ ಚಾಕ್‌ಪೀಸು ಹಾಗೇ ಇತ್ತು.

ಊರಿಗೆ ಮರಳುವ ಮಧ್ಯಾಹ್ನದ ಅಹಮದಾಬಾದ್ ರೈಲುಗಾಡಿಯಲ್ಲಿ ಅವನು ಬಂದು ಅವಳ ಎದುರಿಗೇ ಕುಳಿತ. ಅವಳು ಕಿಟಕಿಯಾಚೆ ನೋಡಿದಳು. ಗಾಡಿ ಭರೂಚ್ ತಲುಪಿತು.

"ಬೈಯಿರಿ," ಅಂದ ಕೊನೆಗೆ. "ಸುಮ್ಮನ ಕುಂತ್ರ ಹೆದರಿಕಿ ಆಗತದ."

"ಎಲ್ಲರ ಮುಂದೆ ಹೇಳೋ ಬದಲು ನಂಗೊಂದು ಮಾತು ಮೊದಲೇ ಹೇಳೋಕ್ಕಾಗ್ಲಿಲ್ವಾ?"

"ಹೋದ ವಾರ ಪೇಪರ್‌ನ್ಯಾಗ ಓದಿದ್ರಲ್ಲ, ಅಮೆರಿಕಾದವರು ಅಂತರಿಕ್ಷದಾಗ ಬಿಟ್ಟ ಇಂಥಾದ್ದ ತಂತಿ ಕಡೀತಂತ. ನನಗ ಅನುಮಾನ ಬಂತು. ಉಳಿದ ತುಂಡು ಉಪ್ಪುನೀರಿನ್ಯಾಗ ಇಟ್ಟು ನೋಡಿದೆ. ನಿನ್ನೆ ಸಂಜಿಗೆ ಗೊತ್ತಾತು. ಎಸ್‌ಟಿಡಿ ಬೂತಿಂದ ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ನಿಮ್ಮ ಅಪ್ಪಾರು ತಗೊಂಡ್ರು. ಇಟ್ಟುಬಿಟ್ಟೆ."

ಅವಳು ಕಣ್ಣರಳಿಸಿದಳು. "ಆ ಬ್ಲಾಂಕ್ ಕಾಲ್ ನಿಮ್ದಾ? ಯಾವನೋ ಪೋಲಿ ಅಂತ ಅಪ್ಪ ರಾತ್ರಿಯೆಲ್ಲ ಬೈದರು! ರೇಡಿಯೋ ಕೆಲಸ ಅಂದಿದ್ರೆ ನನ್ನ ಕರೀತಿದ್ರಲ್ಲ?"

"ಬರೇ ರೇಡಿಯೋ ಕೆಲಸ ಆಗಿದ್ರ ಅಂತಿದ್ದೆ."

ಹೇಳಿದ್ದೇನೆಂದು ಅವನಿಗೇ ಆಮೇಲೆ ಹೊಳೆಯಿತು. ಕಿವಿ ಕೆಂಪಾಯಿತು. ಕಾಮಾಕ್ಷಿ ಸಿಟ್ಟಿನ ನಡುವೆಯೂ ಕಿಟಕಿಯತ್ತ ತಿರುಗಿ ನಗು ಮರೆಸಿಕೊಂಡಳು. ಪಕ್ಕದ ಸೀಟಿನ ಅಜ್ಜಿ ಭಾಷೆ ತಿಳಿಯದಿದ್ದರೂ ಇಬ್ಬರನ್ನೂ ನೋಡಿ ಮುಗುಳ್ನಕ್ಕಳು.

ವಡೋದರಾ ಬಂತು. ಅವನು ಇಳಿದ. ಅಹಮದಾಬಾದ್‌ವರೆಗೆ ಟಿಕೆಟ್ ಇದ್ದ ಅವಳೂ ಇಳಿದಳು.

"ಅರೆ, ನೀವ್ಯಾಕ?"

"ಆ ತೂತುಗಳನ್ನ ನಾನೂ ನೋಡ್ಬೇಕು."

ಗೋರ್ವಾ ಬಡಾವಣೆಯ ಅವನ ಸಣ್ಣ ಕಾರ್ಖಾನೆಯ ಹಿಂಭಾಗದಲ್ಲಿ ತೊಟ್ಟಿ ಇತ್ತು. ಅವನು ತಂತಿಯ ಸುರುಳಿಯನ್ನು ಉಪ್ಪುನೀರಿಗೆ ಇಳಿಸಿ ಬ್ಯಾಟರಿ ಜೋಡಿಸಿದ. ತಂತಿಯ ಉದ್ದಕ್ಕೂ ತೂತಿದ್ದಲ್ಲೆಲ್ಲ ಸಾಸಿವೆ ಗಾತ್ರದ ಗುಳ್ಳೆಗಳು ಏಳತೊಡಗಿದವು. ಇವೇ ಗುಳ್ಳೆಗಳನ್ನು ಮುಚ್ಚಿಟ್ಟಿದ್ದರೆ ತನ್ನ ಹೆಸರು ಕನಿಷ್ಠ ಉಡಾವಣೆಯವರೆಗೆ ಉಳಿಯುತ್ತಿತ್ತು, ಅವನದೂ. ಅವನು ಮುಚ್ಚಿಡಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ನಾಕು ತಿಂಗಳು ಕೊಡ್ರಿ," ಅವನು ತಂತಿ ಮೇಲೆತ್ತುತ್ತ ಹೇಳಿದ. "ಎರಡು ಪದರಿನ ಹೊದಿಕಿ ಹಾಕಿ ಹೊಸಾದು ಮಾಡತೇನಿ. ಬೇರೆ ಉಪಗ್ರಹ ಸಿಕ್ಕಾಗ ಕಳಸೋಣು."

"ಮಾಡಿ. ಆದ್ರೆ ಅದಕ್ಕೂ ಮುಂಚೆ, ಬರೋ ಭಾನುವಾರ ನಮ್ಮನೆಗೆ ಬನ್ನಿ. ಅಪ್ಪನ ಹತ್ರ ನನ್ನನ್ನ ಕೇಳಿ."

"ನಿಮ್ಮನ್ನ... ಅಂದ್ರ?"

"ಮದುವೆಗೆ ರೀ!"

ಸುರುಳಿ ಅವನ ಕೈಜಾರಿ ತೊಟ್ಟಿಗೆ ಬಿತ್ತು. ಉಪ್ಪುನೀರು ಹಾರಿ ಇಬ್ಬರ ಮುಖಕ್ಕೂ ಬಡಿಯಿತು. ಸಭೆಯಲ್ಲಿ ಅಷ್ಟು ಜನರೆದುರು ಎದ್ದು ನಿಂತವನು ಈಗ ಬರೀ ಕಣ್ಣು ಪಿಳುಕಿಸಿದ. ಅವಳು ದುಪಟ್ಟಾದ ಅಂಚಿನಿಂದ ಅವನ ಕಣ್ಣಿನ ನೀರೊರೆಸಿದಳು.

"ಬರ್ತೀರೋ ಇಲ್ವೋ?"

"ಬೆಳಗಿನ ಮೊದಲನೇ ಗಾಡಿಗೇ ಬರತೇನ್ರಿ," ಅಂದ ಮಲ್ಲಿಕಾರ್ಜುನ.